ಅಖ್ತರಿಯ ಹೆಬ್ಬೆರಳು ಮತ್ತು ನಿಮ್ಮ ಅಂಡರ್‌ರೇಟೆಡ್ ಸಿನಿಮಾ

ರೇಷ್ಮೆ ನೂಲು ಬಿಚ್ಚುವವರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ.

ಇದು ನಿಮಗೆ ಗೊತ್ತಿರಬೇಕಿತ್ತು. ಮದುವೆಗೆ ರೇಷ್ಮೆ ಸೀರೆ ಉಟ್ಟವರಿಗೆ, ಉಡಿಸಿದವರಿಗೆ, ರೇಷ್ಮೆ ಶಲ್ಯ ಹೊದ್ದು ಫೋಟೊಗೆ ನಿಂತವರಿಗೆ ಗೊತ್ತಿರಬೇಕಿತ್ತು. ಗೂಡನ್ನು ಕುದಿನೀರಿಗೆ ಹಾಕುತ್ತಾರೆ. ಒಳಗಿನ ಹುಳ ಬೇಯುತ್ತದೆ, ಹೊರಗಿನ ಅಂಟು ಬಿಡುತ್ತದೆ, ಕೂದಲಿಗಿಂತ ಸಣ್ಣ ಎಳೆಯೊಂದರ ತುದಿ ನೀರಿನ ಮೇಲೆ ತೇಲುತ್ತದೆ. ಆ ತುದಿಯನ್ನು ಹಿಡಿಯುವುದು ಇಕ್ಕಳವಲ್ಲ, ಬೆರಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ನೀರು, ಅದೇ ಬೆರಳು. ಚರ್ಮ ಬೆಂದು ಬಿಳಿಚಿ, ಸುಲಿದು, ಮತ್ತೆ ಬಂದು, ಮತ್ತೆ ಬೆಂದು ಕೊನೆಗೆ ಮೇಣದ ಹಾಗೆ ನುಣ್ಣಗಾಗುತ್ತದೆ.

ರಾಮನಗರದ ಯಾರಬ್ ನಗರದಲ್ಲಿ ಹೀಗೆ ನುಣ್ಣಗಾದ ಹತ್ತು ಬೆರಳಿನ ಹೆಂಗಸೊಬ್ಬಳಿದ್ದಾಳೆ. ಹೆಸರು ಅಖ್ತರಿ. ವಯಸ್ಸು ಐವತ್ತಮೂರು. ನೀವು ಅವಳನ್ನು ನೋಡಿಲ್ಲ. ಅವಳ ಕೈ ನೋಡಿದ್ದೀರಿ. ನೋಡಿ ನಕ್ಕಿದ್ದೀರಿ.

‘ಗೂಡು ಮೂರು, ಹೆಣ ಒಂದು’ ಎನ್ನುವ ಸಿನಿಮಾ ಆರು ವರ್ಷದ ಹಿಂದೆ ಬಂದಾಗ ಥಿಯೇಟರಿನಲ್ಲಿ ನಾಲ್ಕು ದಿನ ಓಡಿತ್ತು. ಐದನೇ ದಿನ ಪೋಸ್ಟರಿನ ಮೇಲೆ ಟ್ಯೂಷನ್ ಸೆಂಟರಿನ ಜಾಹೀರಾತು ಅಂಟಿಸಿದರು. ಈಗ ಅದು ಫೋನಿನಲ್ಲಿ ಸಿಗುತ್ತದೆ. ಸಿಕ್ಕಿದ್ದೇ ತಡ, ನಿಮಗೆಲ್ಲ ಒಟ್ಟಿಗೆ ಜ್ಞಾನೋದಯವಾಯಿತು. ಅಂಡರ್‌ರೇಟೆಡ್ ಎಂದಿರಿ. ಇಂಥ ಡಾರ್ಕ್ ಕಾಮಿಡಿ ಕನ್ನಡದಲ್ಲಿ ಬಂದೇ ಇಲ್ಲ ಎಂದಿರಿ. ಜನ ಕೈಹಿಡಿಯಲಿಲ್ಲ ಎಂದು ಜನರನ್ನೇ ಬೈದಿರಿ.

ಸಿನಿಮಾ ಚೆನ್ನಾಗಿದೆ, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಕನಕಪುರದ ಒಬ್ಬ ಜಮೀನು ಬ್ರೋಕರ್ ಸಾಯುತ್ತಾನೆ. ಅವನ ಹೆಣ ತಪ್ಪಿ ಚನ್ನಪಟ್ಟಣದ ಗೊಂಬೆ ವ್ಯಾಪಾರಿಯ ಪೆಟ್ಟಿಗೆಗೆ ಸೇರುತ್ತದೆ. ಮರದ ಕುದುರೆಗಳ ಜೊತೆ ಊರೂರು ಸುತ್ತಿ, ಮಾಗಡಿಯಲ್ಲಿ ಒಂದು ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಹೋಗಿಬಿಡುತ್ತದೆ. ಕೊಂದವಳು ಮಾತ್ರ ರಾಮನಗರದ ಒಬ್ಬ ನೂಲು ಬಿಚ್ಚುವ ಹೆಂಗಸು. ಮೂರು ಕತೆ ಒಂದಕ್ಕೊಂದು ಸಿಕ್ಕಿಕೊಂಡು, ಕೊನೆಗೆ ಪೊಲೀಸ್ ಠಾಣೆಯಲ್ಲಿ ಬಿಚ್ಚಿಕೊಳ್ಳುತ್ತವೆ. ಇನ್‌ಸ್ಪೆಕ್ಟರ್ ಅವಳ ಹೆಬ್ಬೆರಳನ್ನು ಮಸಿಗೆ ಒತ್ತಿ ಕಾಗದಕ್ಕೆ ಒತ್ತುತ್ತಾನೆ. ಗೆರೆ ಇಲ್ಲ, ಕಪ್ಪು ಬೊಟ್ಟು. ಇನ್ನೊಂದು ಬೆರಳು, ಇನ್ನೊಂದು ಬೊಟ್ಟು. ಹತ್ತು ಬೆರಳಿಗೆ ಹತ್ತು ಬೊಟ್ಟು. ಇನ್‌ಸ್ಪೆಕ್ಟರ್ ಕಾಗದವನ್ನು ದೀಪಕ್ಕೆ ಹಿಡಿದು ಹೇಳುತ್ತಾನೆ: “ಇವ್ಳು ಹುಟ್ಟೇ ಇಲ್ಲ ಕಣ್ರೀ, ಬುಟ್ಟಾಕಿ.”

ನಿಮ್ಮ ಫೋನಿನ ಸ್ಟಿಕರ್‌ಗಳಲ್ಲಿ ಈ ಮಾತು ಇದೆ. ತೆಗೆದು ನೋಡಿಕೊಳ್ಳಿ.

ಆ ಮುಖ ಬೆಂಗಳೂರಿನ ನಟಿಯದು. ಕೈ ಅಖ್ತರಿಯದು. ನಟಿಯ ಕೈಗೆ ಮೇಕಪ್ಪಿನಲ್ಲಿ ಎಷ್ಟು ಮೇಣ ಬಳಿದರೂ ಆ ಬಿಳಿಚು, ಆ ಒಡಕು ಬರಲಿಲ್ಲವಂತೆ. ನಿರ್ದೇಶಕ ವೀರೇಂದ್ರ ಸೋಲೂರು ಕಡೆಯವನು, ತೆಂಗಿನ ತೋಟದ ಮನೆಯವನು, ಮಾತಿನಲ್ಲಿ ಮೆತ್ತಗಿನವನು. ಸಮೀವುಲ್ಲಾನ ನೂಲು ಬಿಚ್ಚುವ ಶೆಡ್ಡಿಗೆ ಲೊಕೇಶನ್ ನೋಡಲು ಬಂದಿದ್ದ. ಆರು ಒಲೆಯ ಹಳೆ ಶೆಡ್ಡು ಅದು. ಮೂರನೇ ಒಲೆಯ ಮುಂದೆ ಕೂತಿದ್ದ ಅಖ್ತರಿಯ ಕೈ ನೋಡಿ ನಿಂತುಬಿಟ್ಟ. ಒಂದು ದಿನದ ಕೂಲಿ, ಮಧ್ಯಾಹ್ನಕ್ಕೆ ಬಿರಿಯಾನಿ ಎಂದು ಮಾತಾಯಿತು.

ಆ ಜೋಕು ಕೂಡ ಅವಳದೇ. ಇದು ನಿಮಗೆ ಯಾರೂ ಹೇಳಿರುವುದಿಲ್ಲ. ಶೂಟಿಂಗಿನ ದಿನ ಟೀ ಕುಡಿಯುತ್ತ ಅವಳೇ ನಗುನಗುತ್ತ ಹೇಳಿದ್ದು. ಆಧಾರ್ ಮಾಡಿಸಲು ಹೋದಾಗ ಮಿಷನ್ ಅವಳ ಒಂದು ಬೆರಳನ್ನೂ ತೆಗೆದುಕೊಳ್ಳಲಿಲ್ಲ. ಕೂತಿದ್ದ ಹುಡುಗ, “ಏನಮ್ಮಾ, ಕೈಯ ಮನೇಲೇ ಬುಟ್ಟು ಬಂದ್ರಾ?” ಎಂದನಂತೆ. ಆಮೇಲೆ ರೀಲರ್‌ಗಳ, ಅಂದರೆ ನೂಲು ಬಿಚ್ಚಿಸುವ ಶೆಡ್ಡಿನವರ, ಮುಷ್ಕರವಾಗಿ ಇಪ್ಪತ್ತು ದಿನ ಯಾವ ಶೆಡ್ಡಿನಲ್ಲೂ ಒಲೆ ಹಚ್ಚಲಿಲ್ಲ. ಕೈ ಒಣಗಿತು, ಚರ್ಮ ಬಂತು, ಗೆರೆ ಮೂಡಿತು. ಆಗ ಹೋದಳು, ಮಿಷನ್ ತೆಗೆದುಕೊಂಡಿತು. ಅಂದರೆ ಸರ್ಕಾರದ ಕಂಪ್ಯೂಟರಿನಲ್ಲಿರುವುದು ಕೆಲಸವಿಲ್ಲದೆ ಕೂತಿದ್ದ ಅಖ್ತರಿಯ ಬೆರಳು. ದುಡಿಯುವ ಅಖ್ತರಿ ಅದಕ್ಕೆ ಗುರುತಿಲ್ಲ. ದುಡಿಯೋ ನಾನು ಹುಟ್ಟೇ ಇಲ್ಲ ಎಂದು ಅವಳು ನಕ್ಕಿದ್ದಳು.

ವೀರೇಂದ್ರ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹೆಸರು ಹಾಕುವಾಗ ‘ಕಥೆ, ಸಂಭಾಷಣೆ: ವೀರೇಂದ್ರ’ ಎಂದು ಬಂತು. ಶೆಡ್ಡಿನ ಹೆಂಗಸರೆಲ್ಲ ಸೇರಿ ಸಿನಿಮಾಕ್ಕೆ ಹೋಗಿದ್ದರು. ಪರದೆಯ ಮೇಲೆ ಬೇರೆಯವಳ ಮುಖದ ಕೆಳಗೆ ತನ್ನ ಕೈ ಅಷ್ಟಗಲ ಬಂದಾಗ ಅಖ್ತರಿ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಹತ್ತು ಬೊಟ್ಟಿಗೆ ಥಿಯೇಟರು ನಕ್ಕಾಗ ಅವಳೂ ನಕ್ಕಳು. ತನ್ನ ಜೋಕಿಗೆ ಅಷ್ಟೊಂದು ಜನ ನಗುವುದನ್ನು ಅವಳು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇಲ್ಲಿಗೆ ಸಿನಿಮಾ ಮುಗಿಯಿತು. ಮುಂದಿನದು ಅಕ್ಕಿಯ ಕತೆ.

ಅಖ್ತರಿಯ ಗಂಡ ವಹಾಬ್ ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದವನು. ಅವನ ಬೆರಳಿಗೆ ಬಣ್ಣವಿತ್ತು, ಗೆರೆಯೂ ಇತ್ತು. ರೇಷನ್ ಕಾರ್ಡಿನಲ್ಲಿ ಇಬ್ಬರೇ. ತಿಂಗಳು ತಿಂಗಳು ಅವನು ಹೋಗಿ ತಂಬ್ ಕೊಟ್ಟು ಇಬ್ಬರ ಅಕ್ಕಿ ತರುತ್ತಿದ್ದ. ಎರಡು ವರ್ಷದ ಹಿಂದೆ ತೀರಿಕೊಂಡ. ಅವನ ಹೆಸರನ್ನು ಕಾರ್ಡಿನಿಂದ ತೆಗೆಯಲು ಸರ್ಕಾರಕ್ಕೆ ಯಾವ ಬೆರಳೂ ಬೇಕಾಗಲಿಲ್ಲ, ತಾನಾಗಿಯೇ ಬಹಳ ಚುರುಕಾಗಿ ಆಯಿತು. ಆಮೇಲೆ ಈಚಿನವರೆಗೂ ಅವನ ಫೋನಿಗೆ ಬರುತ್ತಿದ್ದ ಓಟಿಪಿ ಹೇಳಿ ಅಕ್ಕಿ ತಂದಳು. ರೀಚಾರ್ಜ್ ಮಾಡಿಸದೆ ಆ ಸಿಮ್ಮೂ ಸತ್ತಿತು. ನಂಬರ್ ಬದಲಾಯಿಸಲು ಕೇಳಿದರೆ ತಂಬ್ ಕೊಡಿ ಎಂದರು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದರು. ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ತಿಂಗಳ ಕೊನೆಯೊಳಗೆ ಬೆರಳು ಕೊಟ್ಟು ಇ-ಕೆವೈಸಿ ಮಾಡಿಸಬೇಕು, ಇಲ್ಲದಿದ್ದರೆ ಹೆಸರು ತೆಗೆಯಲಾಗುವುದು. ಅಖ್ತರಿಯ ಕಾರ್ಡಿನಲ್ಲಿ ಈಗ ಒಂದೇ ಹೆಸರು. ಹೆಸರು ಹೋದರೆ ಕಾರ್ಡು ಹೋಯಿತು, ಅಕ್ಕಿ ಹೋಯಿತು, ಒಲೆಯ ಹೊಗೆಗೆ ಹಿಡಿದ ದಮ್ಮಿಗೆ ಆಸ್ಪತ್ರೆಯಲ್ಲಿ ಆ ಕಾರ್ಡು ತೋರಿಸಿ ಪಡೆಯುವ ಗುಳಿಗೆಯೂ ಹೋಯಿತು.

ಒಂದು ಮಾತು ಇಲ್ಲೇ ಹೇಳಬೇಕು. ಹೆಬ್ಬೆಟ್ಟು ಎಂದರೆ ನಮ್ಮಲ್ಲಿ ಓದುಬರಹ ಬಾರದವರನ್ನು ಹಂಗಿಸುವ ಮಾತು. ಮದುವೆಯಾದ ಹೊಸದರಲ್ಲಿ ಯಾರೋ ಹಾಗೆ ಹಂಗಿಸಿದರೆಂದು ಅಖ್ತರಿ ರಾತ್ರಿ ಶಾಲೆಗೆ ಹೋಗಿ ಸಹಿ ಕಲಿತವಳು. ಕನ್ನಡದಲ್ಲಿ ಒಂದು ಸಹಿ, ಉರ್ದುವಿನಲ್ಲಿ ಒಂದು. ಎರಡೂ ಚೆಂದ. ಮೂವತ್ತು ವರ್ಷ ಎಲ್ಲೂ ಹೆಬ್ಬೆಟ್ಟು ಒತ್ತಲಿಲ್ಲ ಎಂದು ಅವಳಿಗೆ ಜಂಬ. ಈಗ ಓದಿದವರು ಓದದವರು ಎಲ್ಲರನ್ನೂ ಸರ್ಕಾರ ಒಟ್ಟಿಗೆ ಹೆಬ್ಬೆಟ್ಟು ಮಾಡಿ ಕೂರಿಸಿದೆ. ಸಹಿ ಮಾಡ್ತೀನಿ ಅಂದವಳಿಗೆ, ಮಿಷನ್ನಿಗೆ ಓದಕ್ಕೆ ಬರಲ್ಲ ಎಂದು ಉತ್ತರ ಸಿಕ್ಕಿತು.

ಆ ಉತ್ತರ ಕೊಟ್ಟವನು ಅಂಗಡಿಯ ಕೆಂಪರಾಜು. ಅವನ ತಕ್ಕಡಿ ನ್ಯಾಯವಾದದ್ದು, ಒಂದು ಹಿಡಿ ಹೊಡೆಯುವವನಲ್ಲ. ಅವನೂ ಫೋನಿನಲ್ಲಿ ಆ ಸಿನಿಮಾ ನೋಡಿದ್ದ. ಅಖ್ತರಿಯ ಬೆರಳಿಗೆ ಮಿಷನ್ನು ಕೆಂಪು ದೀಪ ತೋರಿಸಿ ಕುಯ್ ಎಂದಾಗ ಅವನಿಗೆ ಹಬ್ಬವಾಯಿತು. “ಲೇ, ಬರ್ರುಲಾ ಇಲ್ಲಿ. ಆ ಪಿಚ್ಚರ್‌ನಾಗಿರೋ ಕೈಯಿ ಈಯಮ್ಮಂದೇ ಕಣ್ರುಲಾ,” ಎಂದು ಸಾಲನ್ನೆಲ್ಲ ಕರೆದ. ಇನ್ನೊಂದು ಬೆರಳು ಇಡಿಸಿದ. ಕುಯ್. ಮತ್ತೊಂದು. ಕುಯ್. ಹತ್ತಕ್ಕೆ ಹತ್ತೂ ಮುಗಿಸಿ ಇಡೀ ಸಾಲು ಕಾಯುತ್ತಿದ್ದ ಮಾತನ್ನು ಹೇಳಿದ. “ಇವ್ಳು ಹುಟ್ಟೇ ಇಲ್ಲ ಕಣ್ರೀ.”

ಸಾಲು ಬಿದ್ದು ಬಿದ್ದು ನಕ್ಕಿತು. ಅಖ್ತರಿ ಬಾಯಲ್ಲೇ ನಕ್ಕು, ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದಳು. ಆ ವಾರದಲ್ಲಿ ಇನ್ನೂ ಮೂರು ಸಲ ಹೋದಳು. ಮೂರು ಸಲವೂ ಅದೇ ಆಟ. ಮೂರನೇ ಸಲ ಒಬ್ಬ ವಿಡಿಯೊ ಮಾಡಿಕೊಂಡ, ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಬೆರಳು ಇಡಿಸಿದ. ಅವಳು ಇಟ್ಟಳು. ಈ ಸಲವಾದರೂ ಮಿಷನ್ನು ತೆಗೆದುಕೊಂಡೀತು ಎಂದು.

ತಾಲ್ಲೂಕು ಕಚೇರಿಯಲ್ಲಿ ಕಣ್ಣು ನೋಡಿ ಗುರುತಿಸುವ ಯಂತ್ರವೊಂದಿತ್ತು. ರಿಪೇರಿಗೆ ಹೋಗಿತ್ತು. ನಾನು ರೀಲಿಂಗ್ ಮಾಡೋಳು ಸ್ವಾಮಿ, ಅದಕ್ಕೇ ಬೆರಳು ಹಿಂಗಾಗಿರೋದು ಎಂದು ಅಲ್ಲಿದ್ದವನ ಮುಂದೆ ಕೈ ಚಾಚಿದ್ದಕ್ಕೆ, ಸಿನಿಮಾದಲ್ಲೂ ಇದೀಯಂತೆ, ಇಲ್ಲೂ ಬಂದು ರೀಲು ಬುಡಬೇಡ ತಾಯಿ ಎಂದು ಅವನು ತಲೆ ಎತ್ತದೆ ಹೇಳಿದ. ಮೊನ್ನೆ ಇಡೀ ರಾಮನಗರ ಜಿಲ್ಲೆಗೇ ಹೊಸ ಹೆಸರಿಟ್ಟಾಗ ಯಾರೂ ಹೆಬ್ಬೆರಳು ತೋರಿಸಬೇಕಾಗಲಿಲ್ಲ. ಒಬ್ಬ ಹೆಂಗಸಿನ ಇದ್ದ ಹೆಸರು ಉಳಿಯಲು ಬೇಕಂತೆ.

ದಾರಿ ಹೇಳಿದವಳು ಆಧಾರ್ ಕೇಂದ್ರದ ಲತಾಮಣಿ. ಅವಳು ಅಖ್ತರಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹಾಗೆ ಹಿಡಿದವರು ಅವಳೊಬ್ಬಳೇ. ಗೆರೆ ಸತ್ತಿಲ್ಲ, ಒಳಗಿದೆ ಎಂದಳು. ಇಪ್ಪತ್ತು ದಿನ ಕುದಿನೀರಿಗೆ ಕೈ ಹಾಕಬೇಡಿ, ಪಾತ್ರೆ ಬಟ್ಟೆಯೂ ಬೇಡ, ದಿನಾ ವ್ಯಾಸಲೀನ್ ಹಚ್ಚಿ, ಮುಷ್ಕರದಲ್ಲಿ ಬಂದ ಹಾಗೆ ಮತ್ತೆ ಬರುತ್ತೆ ಎಂದಳು. ಅಂದಿಗೆ ತಿಂಗಳ ಕೊನೆಗೆ ಇಪ್ಪತ್ತೆರಡು ದಿನವಿತ್ತು.

ಹೀಗೆ ತಾನು ಇದ್ದೇನೆಂದು ತೋರಿಸಲು ಅಖ್ತರಿ ಕೆಲಸ ಬಿಡಬೇಕಾಯಿತು.

ಸಮೀವುಲ್ಲಾ ಪೂರ್ತಿ ಬಿಡಿಸಲಿಲ್ಲ. ಒಣಗೂಡು ಆರಿಸುವ ಕೆಲಸಕ್ಕೆ ಹಾಕಿದ. ಕೂಲಿ ಅರ್ಧ. ಮೂರನೇ ಒಲೆಗೆ ಚನ್ನಪಟ್ಟಣದಿಂದ ಬಂದ ಹಾಜಿರಾ ಎಂಬುವಳನ್ನು ಕೂರಿಸಿದ, ಎರಡು ಮಕ್ಕಳ ತಾಯಿ, ಕೆಲಸಕ್ಕೆ ಹೊಸಬಳು. ಇಪ್ಪತ್ತೊಂದನೇ ದಿನ ನಿನ್ನ ಒಲೆ ನಿನಗೆ ಆಪಾ ಎಂದು ಎಲ್ಲರ ಮುಂದೆ ಹೇಳಿದ. ಹೇಳುವಾಗ ಅವನು ಅದನ್ನು ನಂಬಿಯೇ ಇದ್ದ.

ಅಖ್ತರಿ ಆ ಕೈಯನ್ನು ಹಸುಗೂಸಿನ ಹಾಗೆ ನೋಡಿಕೊಂಡಳು. ನೀರು ಸೇದಲಿಲ್ಲ. ಪಾತ್ರೆಯನ್ನು ಪಕ್ಕದ ಮನೆಯವರು ಬೆಳಗಿ ಕೊಟ್ಟರು, ಕೊಡುವಾಗ “ತಗೊಳ್ಳಿ ಬೇಗಂ ಸಾಹೇಬಾ” ಎಂದು ಚುಚ್ಚಿದರು. ನಮಾಜಿಗೆ ಮುಂಚೆ ಕೈ ತೊಳೆಯಲೂ ಹೆದರಿದಳು. ಕಾಯಿಲೆಯವರು ನೀರಿನ ಬದಲು ಒಣಮಣ್ಣು ಮುಟ್ಟಿ ಶುದ್ಧಿ ಮಾಡಿಕೊಳ್ಳುವ ಕ್ರಮವಿದೆಯಲ್ಲ, ಅದನ್ನು ಮಾಡಿದಳು. ನಿನಗೇನು ಕಾಯಿಲೆ ಎಂದು ಕೇಳಿದವರಿಗೆ ರೇಷನ್ ಕಾರ್ಡು ಎಂದಳು.

ಎಂಟನೇ ದಿನಕ್ಕೆ ಬೆಂದ ಹಳೆ ಚರ್ಮ ಹಾಳೆಹಾಳೆಯಾಗಿ ಎದ್ದುಹೋಯಿತು. ಕೆಳಗೆ ತೆಳ್ಳಗೆ ಕೆಂಪಗೆ ಹೊಸದು ಬಂತು. ಹನ್ನೆರಡನೇ ದಿನ ಬಿಸಿಲಿಗೆ ಹಿಡಿದರೆ ಹೆಬ್ಬೆರಳಲ್ಲಿ ನೀರಿನ ಸುಳಿಯ ಹಾಗೆ ಏನೋ ಕಂಡಿತು. ಆರಿಸುವ ಗೂಡನ್ನು ಪಕ್ಕಕ್ಕಿಟ್ಟು ಶೆಡ್ಡಿನ ಹೆಂಗಸರಿಗೆಲ್ಲ ತೋರಿಸಿದಳು. ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು. ಹದಿನಾರನೇ ದಿನ ಲತಾಮಣಿ ಬೆರಳು ಇಡಿಸಿ ನೋಡಿದಳು. ಮಿಷನ್ನು ತಡವರಿಸಿತು, ಪೂರ್ತಿ ಒಪ್ಪಲಿಲ್ಲ. ಇನ್ನು ನಾಲ್ಕೇ ದಿನ ಖಾಲಾ, ಹಿಂಗೇ ಇಟ್ಕೊಂಡಿರಿ, ಆಗೋಯ್ತದೆ ಎಂದಳು.

ಹದಿನೆಂಟನೇ ದಿನ ವೀರೇಂದ್ರ ಬಂದ.

ನಿಮ್ಮಿಂದಾಗಿ ಬಂದ. ನೀವು ಅಂಡರ್‌ರೇಟೆಡ್ ಅಂಡರ್‌ರೇಟೆಡ್ ಎಂದು ಬರೆದೂ ಬರೆದೂ ಸಿನಿಮಾವನ್ನು ಮತ್ತೆ ಥಿಯೇಟರಿಗೆ ಬಿಡಲು ಯಾರೋ ಒಪ್ಪಿದ್ದರು. ಅದಕ್ಕೊಂದು ಪ್ರಚಾರದ ವಿಡಿಯೊ ಬೇಕಿತ್ತು, ‘ಆ ಕೈಗಳ ಹಿಂದಿನ ಮುಖ’ ಎಂದು. ವೀರೇಂದ್ರ ಶಾಲು ತಂದಿದ್ದ, ಹಣ್ಣು ತಂದಿದ್ದ, ಕ್ಯಾಮೆರಾದವನನ್ನು ತಂದಿದ್ದ. ನಿಮ್ಮಿಂದಲೇ ಅಮ್ಮ ನಮ್ಮ ಸಿನಿಮಾ ಎಂದು ಬಗ್ಗಿ ಕಾಲು ಮುಟ್ಟಿದ. ಮೋಸಕ್ಕೆ ಮುಟ್ಟಿದ್ದಲ್ಲ, ಅವನು ಹಾಗೆಯೇ.

ಅಖ್ತರಿ ಬೆರಳಿನ ವಿಷಯ ಪೂರ್ತಿ ಹೇಳಿದಳು. ಲತಾಮಣಿ ಹೇಳಿದ್ದು, ಉಳಿದ ದಿನ, ಚೀಟಿಯ ತಾರೀಕು, ಎಲ್ಲ. ವೀರೇಂದ್ರನಿಗೆ ಕಣ್ಣು ತುಂಬಿತಂತೆ. ಇದನ್ನೂ ಕ್ಯಾಮೆರಾ ಮುಂದೆ ಹೇಳ್ತೀರಾ ಎಂದು ಕೇಳಿದ. ನೀರು ಮುಟ್ಟೋದು ಬೇಡ, ಒಲೆ ಮುಂದೆ ಸುಮ್ಮನೆ ಕೂತು ಮಾತಾಡಿ, ಪಕ್ಕದಲ್ಲಿ ಹಾಜಿರಾ ನೂಲು ಬಿಚ್ಚುತ್ತಿರಲಿ, ಅಷ್ಟೇ ಎಂದ. ಅವಳು ಒಪ್ಪಿದಳು.

ಕ್ಯಾಮೆರಾದವನಿಗೆ ಹಬೆ ಸಾಲಲಿಲ್ಲ. ಇನ್ನೊಸಿ ಹೊಗೆ ಎದ್ದರೆ ಲುಕ್ ಚೆನ್ನಾಗಿರ್ತದೆ ಎಂದ. ಸಮೀವುಲ್ಲಾ ಒಲೆಗೆ ಸೌದೆ ತುರುಕಿದ. ನೀರು ಕುದಿಯುವುದನ್ನೂ ದಾಟಿ ಕೊತಕೊತ ಉಕ್ಕಿತು. ಪಕ್ಕದಲ್ಲಿ ಬೆರಳು ಅದ್ದಿಕೊಳ್ಳಲು ಇಡುವ ತಣ್ಣೀರಿನ ಬಟ್ಟಲು ಫ್ರೇಮಿಗೆ ಅಡ್ಡ ಬರುತ್ತದೆಂದು ಎತ್ತಿಟ್ಟರು. ಅಖ್ತರಿ ಹೊಸ ಶಾಲು ಹೊದ್ದು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಹಾಜಿರಾ. ಕ್ಯಾಮೆರಾ ಓಡಿತು.

ಎಂಟು ಗೂಡಿನ ಎಂಟು ಎಳೆ ಸೇರಿದರೆ ಒಂದು ನೂಲು. ಒಂದು ಎಳೆ ಕಡಿದರೆ ಕೂಡಲೇ ಇನ್ನೊಂದರ ತುದಿ ಹಿಡಿದು ಸೇರಿಸಬೇಕು. ಅರೆಗಳಿಗೆ ತಡವಾದರೆ ನೂಲು ತೆಳ್ಳಗಾಯಿತು, ಇನ್ನೂ ತಡವಾದರೆ ನೂಲೇ ಹರಿದು ರಾಟೆ ಬರಿದೇ ತಿರುಗುತ್ತದೆ. ಆ ಕೆಲಸ ಮಾಡಿದವರು ಎಳೆ ಕಡಿದದ್ದನ್ನು ನೋಡಿ ಸುಮ್ಮನೆ ಕೂರಲಾರರು. ನೀವು ಎದುರಿಗೆ ಎಡವಿ ಬೀಳುವ ಮಗುವಿನ ಕಡೆಗೆ ಕೈ ಚಾಚುವುದಿಲ್ಲವೇ, ಹಾಗೆ. ಯೋಚನೆಗೆ ಅಲ್ಲಿ ಜಾಗವಿಲ್ಲ.

ಕ್ಯಾಮೆರಾ ನೋಡಿ ಗಾಬರಿಯಾದ ಹಾಜಿರಾಳ ಕೈ ತಪ್ಪಿತು. ಒಂದೇ ಸಲಕ್ಕೆ ಮೂರು ಎಳೆ ಕಡಿದವು. ಗಂಡನ ವಿಷಯ ಏನೋ ಹೇಳುತ್ತಿದ್ದ ಅಖ್ತರಿ ಮಾತು ನಿಲ್ಲಿಸಲೂ ಇಲ್ಲ. ಮೂವತ್ತೊಂದು ವರ್ಷ ಹೋದ ಕೈ ಹೋಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಕುದಿನೀರಿನ ತಳದವರೆಗೆ ಹೋದವು. ಹಳೆ ಕೈಯಾಗಿದ್ದರೆ ಏನೂ ಆಗುತ್ತಿರಲಿಲ್ಲ, ಅದು ಬೆಂದು ಮರಗಟ್ಟಿದ್ದ ಕೈ. ಇದು ಹದಿನೆಂಟು ದಿನದ ಹೊಸ ಚರ್ಮ. ಅವಳು ಕೂಗಲಿಲ್ಲ. ಕೈ ಮೇಲೆ ಬಂದಾಗ ಬೆರಳ ಸಂದಿಯಲ್ಲಿ ಮೂರು ಎಳೆಯ ತುದಿಯೂ ಇತ್ತು. ಅದನ್ನು ನೂಲಿಗೆ ಸೇರಿಸಿದಳು. ರಾಟೆ ನಿಲ್ಲಲಿಲ್ಲ. ಆಮೇಲೆ ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು.

ಶೆಡ್ಡಿನಲ್ಲಿ ಎಲ್ಲರೂ ನಿಂತಿದ್ದರು. ಕೇಳಿಸಿದ್ದು ವೀರೇಂದ್ರನ ಪಿಸುದನಿ ಒಂದೇ, ಕ್ಯಾಮೆರಾದವನಿಗೆ ಹೇಳಿದ್ದು.

“ಕಟ್ ಮಾಡ್ಬೇಡ.”

ಅರ್ಧ ಗಂಟೆಯಲ್ಲಿ ಮೂರು ಬೆರಳೂ ಬೊಬ್ಬೆ ಎದ್ದು ಏಲಕ್ಕಿ ಬಾಳೆಹಣ್ಣಿನ ದಪ್ಪಕ್ಕೆ ಊದಿದವು. ಟೂತ್‌ಪೇಸ್ಟ್ ಹಚ್ಚಿದರು. ಹಾಜಿರಾ ಗೋಡೆಗೆ ಆತು ಅಳುತ್ತ ಕೂತಳು. ವೀರೇಂದ್ರ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದ, ಮುಲಾಮು ಕೊಡಿಸಿದ, ಮನೆಗೆ ಬಿಟ್ಟ. ಅವನು ಒಳ್ಳೆಯವನು ಎಂದು ಅಖ್ತರಿ ಇವತ್ತಿಗೂ ಹೇಳುತ್ತಾಳೆ. ಒಳ್ಳೆಯವರೇ ಎಲ್ಲರೂ. ಈ ಕತೆಯಲ್ಲಿ ಒಬ್ಬನೇ ಒಬ್ಬ ಕೆಟ್ಟವನು ಸಿಕ್ಕಿದ್ದರೆ ಬರೆಯುವುದು ಎಷ್ಟೋ ಸಲೀಸಾಗುತ್ತಿತ್ತು.

ಇಪ್ಪತ್ತನೇ ದಿನ ಬಟ್ಟೆ ಸುತ್ತಿದ ಕೈ ಹಿಡಿದುಕೊಂಡು ಲತಾಮಣಿಯ ಮುಂದೆ ನಿಂತಳು. ಲತಾಮಣಿ ಬಟ್ಟೆ ಬಿಚ್ಚಿ ನೋಡಿದಳು. ಆಮೇಲೆ ಕೇಳಿದಳು:

“ಎರಡೇ ದಿನ ಇತ್ತಲ್ಲ ಖಾಲಾ. ಯಾಕ್ ಹಾಕುದ್ರಿ ಕೈಯ?”

“ನಾನ್ ಹಾಕ್ನಿಲ್ಲ ಕಣಮ್ಮ,” ಎಂದಳು ಅಖ್ತರಿ. “ಅದೇ ಹೋಯ್ತು.”

ಬಲಗೈಯಲ್ಲಿ ಉಳಿದ ಎರಡು ಬೆರಳನ್ನೂ ಎಡಗೈ ಬೆರಳುಗಳನ್ನೂ ಒಂದೊಂದಾಗಿ ಇಡಿಸಿದರು. ಅವೂ ವರ್ಷಾನುಗಟ್ಟಲೆ ಗೂಡು ತಿರುವಿದ ಬೆರಳೇ, ಅಲ್ಲಿ ಗೆರೆ ಬಂದಿದ್ದು ಅರೆಬರೆ. ಒಪ್ಪಲಿಲ್ಲ. ತಿಂಗಳ ಕೊನೆಯ ದಿನ ಕೆಂಪರಾಜುವಿನ ಅಂಗಡಿಗೂ ಹೋದಳು. ಬೊಬ್ಬೆ ಒಡೆದಿದ್ದ ಹೆಬ್ಬೆರಳನ್ನು ತಾನೇ ಎತ್ತಿ ಗಾಜಿನ ಮೇಲೆ ಒತ್ತಿದಳು. ಗಾಜಿಗೆ ಕೀವು ಹತ್ತಿತು. ಕೆಂಪರಾಜು ಅಂಗಿಯ ತುದಿಯಿಂದ ಒರೆಸಿದ. ಆ ದಿನ ಅವನು ಆ ಮಾತು ಹೇಳಲಿಲ್ಲ. ಹಿಂದೆ ನಿಂತಿದ್ದ ಯಾರೋ ಹೇಳಿದರು. ನಗು ಬಂತು, ಮೊದಲಿನಷ್ಟು ಬರಲಿಲ್ಲ. ಹಳೆಯದಾಗಿತ್ತು ಜೋಕು.

ಮುಂದಿನ ತಿಂಗಳು ಪಟ್ಟಿ ಬಂತು. ಅಖ್ತರಿಯ ಹೆಸರಿರಲಿಲ್ಲ.

ವಿಡಿಯೊ ಅದಕ್ಕಿಂತ ಮೊದಲೇ ಬಂದಿತ್ತು. ನೀವು ನೋಡಿದ್ದೀರಿ. ಐವತ್ತು ಸೆಕೆಂಡಿನದು. ರೇಷನ್ ಕಾರ್ಡಿನ ಮಾತು ಉದ್ದವಾಯಿತೆಂದು ತೆಗೆದಿದ್ದಾರೆ. ಹಬೆ ಇದೆ, ಶಾಲು ಇದೆ, ಕೈ ನೀರಿಗೆ ಹೋಗುವುದಿದೆ. ಹೊರಗೆ ಬಂದ ಬೆರಳನ್ನು ಅವಳು ನೋಡಿಕೊಳ್ಳುವ ಜಾಗದಲ್ಲಿ ಪಿಟೀಲು ಹಾಕಿ ನಿಧಾನ ಮಾಡಿದ್ದಾರೆ, ಅದರ ಮೇಲೆ ಇನ್‌ಸ್ಪೆಕ್ಟರನ ದನಿ ಬರುತ್ತದೆ, ಹುಟ್ಟೇ ಇಲ್ಲ ಕಣ್ರೀ. ಕೆಳಗೆ ನೀವೆಲ್ಲ ಬರೆದದ್ದನ್ನು ಒಂದೂ ಬಿಡದೆ ಓದಿದ್ದೇನೆ. ‘ಎಂಥ ನ್ಯಾಚುರಲ್ ಆ್ಯಕ್ಟಿಂಗ್.’ ‘ಅವಾರ್ಡ್ ಕೊಡ್ರೋ ಈ ಅಮ್ಮಂಗೆ.’ ‘ಗೂಸ್‌ಬಂಪ್ಸ್.’ ನಗುವ ಮುಖ, ಅಳುವ ಮುಖ, ಬೆಂಕಿಯ ಗುರುತು. ಆ ನೀರು ನಿಜವಾಗಿ ಕುದಿಯುತ್ತಿತ್ತಾ ಎಂದು ಒಬ್ಬರೂ ಕೇಳಿಲ್ಲ. ಸಾವಿರಾರು ಜನ ಹೆಬ್ಬೆರಳು ಒತ್ತಿ ಮೆಚ್ಚಿದ್ದೀರಿ, ಅಷ್ಟೂ ಬೆರಳನ್ನು ಫೋನು ತಕ್ಷಣ ಗುರುತಿಸಿದೆ.

ಮೂರನೇ ಒಲೆಯಲ್ಲಿ ಈಗ ಹಾಜಿರಾ ಕಾಯಂ. ಕೈ ಪಳಗಿದೆ, ಎಳೆ ಕಡಿಯುವುದಿಲ್ಲ. ಸಮೀವುಲ್ಲಾ ಏನು ಮಾಡಿಯಾನು, ಗಾಯದ ಕೈ ನೀರಿಗೆ ಹೋದರೆ ನಂಜಾಗುತ್ತದೆ ಎಂದ, ಅದು ಸುಳ್ಳೂ ಅಲ್ಲ. ಅಖ್ತರಿ ಬೆಂದ ಹುಳ ಗುಡಿಸಿ ಮೂಟೆ ಕಟ್ಟುತ್ತಾಳೆ. ಆ ಕೂಲಿಯಲ್ಲಿ ಅಂಗಡಿ ಅಕ್ಕಿ ಕೊಂಡು ಎರಡು ಹೊತ್ತಿನದನ್ನು ಒಂದು ಹೊತ್ತು ಮಾಡಿಕೊಂಡಿದ್ದಾಳೆ. ದಮ್ಮಿನ ಗುಳಿಗೆ ತೆಗೆದುಕೊಳ್ಳುವುದು ದಿನ ಬಿಟ್ಟು ದಿನ. ಗಾಯ ಮಾಯ್ದಿದೆ. ಹೆಬ್ಬೆರಳಿನ ಮೇಲೆ ಬಿಗಿದ ಹೊಳೆಯುವ ಕಲೆ ನಿಂತಿದೆ. ಇನ್ನೆಷ್ಟು ದಿನ ಒಣಗಿಸಿದರೂ ಅಲ್ಲಿ ಗೆರೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಇಷ್ಟಾದ ಮೇಲೆ ತಿಳಿದುಬಂದ ಒಂದು ಸಂಗತಿ ಇದೆ. ಕೆಂಪರಾಜುವಿನ ಅಂಗಡಿಯಲ್ಲಿ ಒಂದು ಪುಸ್ತಕವಿದೆ. ನೀಲಿ ರಟ್ಟು, ವಿನಾಯಿತಿ ಪುಸ್ತಕ ಎಂದು ಅದರ ಹೆಸರು. ಬೆರಳು ಬಾರದವರು, ಮುದುಕರು, ಕುಷ್ಠವಾದವರು, ಕೈ ಸವೆದವರು, ಇಂಥವರಿಗೆಂದೇ ಮಾಡಿದ್ದು. ಹೆಸರು ಬರೆದು, ಅವರಿಂದ ಸಹಿ ಮಾಡಿಸಿ, ಅವರು ಇವರೇ ಹೌದೆಂದು ಗೊತ್ತಿದ್ದ ಅದೇ ಅಂಗಡಿಯ ಇನ್ನೊಬ್ಬ ಕಾರ್ಡುದಾರ ಸಾಕ್ಷಿಗೆ ತನ್ನ ಬೆರಳು ಕೊಟ್ಟರೆ ಅಕ್ಕಿ ಕೊಡಬಹುದು. ಪಟ್ಟಿಯಿಂದ ಹೋದ ಹೆಸರನ್ನೂ ಅದರ ಮೇಲೆಯೇ ಮತ್ತೆ ಸೇರಿಸಬಹುದು. ಪುಸ್ತಕ ಪೂರ್ತಿ ಖಾಲಿ. ನನ್ನ ಕಾರ್ಡು ಬೇರೆ ಅಂಗಡಿಯದು, ನನ್ನ ಬೆರಳು ಅಲ್ಲಿ ಸಾಕ್ಷಿಗೆ ನಡೆಯುವುದಿಲ್ಲ. ಯಾಕೆ ಖಾಲಿ ಎಂದು ನಾನು ಕೇಳಿದ್ದಕ್ಕೆ ಕೆಂಪರಾಜು ಮುಚ್ಚಿಡಲಿಲ್ಲ.

“ಬರದ್ರೆ ಮೇಲಿಂದ ಎನ್‌ಕ್ವೈರಿ ಬತ್ತದೆ ಸಾ. ಅದೂ ಅಲ್ದೆ, ಸಾಲ್ನಾಗಿದ್ದೋರು ಯಾರಾದ್ರೂ ಒಬ್ರು ಕೇಳಿದ್ರೆ ತೆಗಿತಿದ್ದೆ. ಯಾರೂ ಕೇಳ್ನಿಲ್ವಲ್ಲ.”

ಯಾರೂ ಕೇಳಲಿಲ್ಲ. ಒಂದೊಂದು ಸಲ ನಲವತ್ತು ಜನರ ಸಾಲು. ನಲವತ್ತು ಜನಕ್ಕೂ ಅವಳು ಯಾರೆಂದು ಗೊತ್ತು, ಯಾವ ಬೀದಿ, ಯಾರ ಹೆಂಡತಿ, ಯಾವ ಶೆಡ್ಡು, ಎಲ್ಲ ಗೊತ್ತು. ಒಬ್ಬರ ಬೆರಳು ಸಾಕಿತ್ತು. ಎಲ್ಲರೂ ಅದೇ ಬೆರಳಲ್ಲಿ ಅಕ್ಕಿ ತೆಗೆದುಕೊಂಡು, ವಿಡಿಯೊ ತೆಗೆದುಕೊಂಡು ಮನೆಗೆ ಹೋದರು.

ನೀವು ಆ ಸಾಲಿನಲ್ಲಿರಲಿಲ್ಲ ಎನ್ನಬೇಡಿ. ನಿಮ್ಮ ಬೀದಿಯಲ್ಲೂ ಸಾಲಿದೆ. ಬಿಡದಿಯಲ್ಲಿ ಕಲ್ಲು ಹೊಡೆಯುವವನಿದ್ದಾನೆ, ಹಾರೋಹಳ್ಳಿಯಲ್ಲಿ ಆ್ಯಸಿಡ್ಡಿನಲ್ಲಿ ಪಾತ್ರೆ ಅದ್ದುವವಳಿದ್ದಾಳೆ, ನಿಮ್ಮದೇ ಮನೆಯ ಮುಸುರೆ ತಿಕ್ಕುವವಳಿದ್ದಾಳೆ. ಅವರ ಬೆರಳನ್ನು ಒಮ್ಮೆಯಾದರೂ ನೋಡಿದ್ದೀರಾ?

ಈ ತಿಂಗಳು ಅಕ್ಕಿ ಕೊಡುವ ದಿನ ಹೋಗಿ. ಸಾಲಿನಲ್ಲಿ ನಿಲ್ಲಿ. ಮಿಷನ್ನು ಯಾರ ಬೆರಳಿಗೆ ಕುಯ್ ಎನ್ನುತ್ತದೋ ಅವರ ಪಕ್ಕಕ್ಕೆ ಹೋಗಿ, ಅಂಗಡಿಯವನಿಗೆ ವಿನಾಯಿತಿ ಪುಸ್ತಕ ತೆಗಿಯಪ್ಪಾ ಎನ್ನಿ. ಇಲ್ಲ ಎಂದರೆ ನಂಬಬೇಡಿ, ತೆಗೆಯುವವರೆಗೆ ಕದಲಬೇಡಿ. ಹೆಸರು ಬರೆಸಿ. ಸಾಕ್ಷಿಯ ಜಾಗದಲ್ಲಿ ನಿಮ್ಮ ಹೆಬ್ಬೆರಳು ಒತ್ತಿ.